ದೊರೆಗೆ ಬಡಿಸುವ ಏಣಿ

ಆ ಊರಿನ ಹೆಬ್ಬಾಗಿಲಿನ ಮುಂದೆ ನಾನು ಬಂದು ನಿಂತಾಗ ನನ್ನ ಜೇಬಿನಲ್ಲಿ ಏನೆಂದರೆ ಏನೂ ಇರಲಿಲ್ಲ. ನನ್ನ ಅದೃಷ್ಟ ಖುಲಾಯಿಸಿದ್ದೇ ಅದರಿಂದ. ಹಲ್ಲುನೋವು, ಹೊಟ್ಟೆಹುಳ, ಗಂಡಹೆಂಡಿರ ಜಗಳ ಎಲ್ಲಕ್ಕೂ ಒಂದೇ ಪುಡಿ ಮಾರಿಕೊಂಡು ಊರೂರು ತಿರುಗುತ್ತಿದ್ದವನು ನಾನು. ಹಿಂದಿನ ಊರಿನವರು ಪುಡಿ ತಿಂದು ಗುಣವಾಗುವ ಬದಲು ಗುಂಪುಕಟ್ಟಿ ಬಂದದ್ದರಿಂದ ಪೆಟ್ಟಿಗೆ, ಚೀಲ, ಚಪ್ಪಲಿ ಎಲ್ಲವನ್ನೂ ಬಿಟ್ಟು ಬರಿಗಾಲಲ್ಲಿ ಓಡಿ ಬಂದಿದ್ದೆ. ಮೈಮೇಲೆ ಉಳಿದದ್ದು ಒಂದು ಪಂಚೆ, ಮತ್ತು ಯಾವುದೋ ಮದುವೆಮನೆಯಲ್ಲಿ ನನ್ನದೇ ಇರಬೇಕೆಂದು ಹಾಕಿಕೊಂಡು ಬಂದ ಕರಿ ಕೋಟು.

ಕಾವಲುಗಾರ ಮೊದಲು ನನ್ನ ಸೊಂಟ ನೋಡಿದ, ಆಮೇಲೆ ಕಾಲು ನೋಡಿದ. "ಕಲ್ಲು ಎಲ್ಲಿ ಅದಾವ್ರಿ?" ಎಂದ. "ಯಾವ ಕಲ್ಲಪ್ಪ?" ಎಂದೆ. ಅವನ ಮುಖ ಬಿಳಿಚಿಕೊಂಡಿತು. ಒಂದು ಒಣಗಿದ ಎಲೆ ತಗೊಂಡು ನನ್ನ ಹಿಮ್ಮಡಿಯ ಕೆಳಗೆ ತೂರಿಸಲು ನೋಡಿದ. ತೂರಲಿಲ್ಲ. "ಅಯ್ಯೋ ನಮ್ಮಪ್ಪಾ! ನೆಲಕ್ಕ ಅಂಟಿದ ಕಾಲು!" ಎಂದು ಕೂಗಿ ನನ್ನ ಪಾದಕ್ಕೆ ಬಿದ್ದ. ಬಿದ್ದ ಎನ್ನುವುದೂ ತಪ್ಪು. ಸರ್ಕಾರ ಅವನಿಗೆ ಕೊಟ್ಟಿದ್ದ ಕಲ್ಲು ನಿಲ್ಲುವುದಕ್ಕೆ ಸಾಕಿತ್ತು, ಬಗ್ಗುವುದಕ್ಕೆ ಸಾಲದಾಗಿತ್ತು. ತಲೆ ಬಾಗಿಸಿದೊಡನೆ ಅವನ ಹಿಂಭಾಗ ಮೇಲಕ್ಕೆದ್ದು, ನನ್ನ ಪಾದ ಹಿಡಿದುಕೊಂಡೇ ತಲೆಕೆಳಗಾಗಿ ತೇಲತೊಡಗಿದ. ಸೊಂಟದ ಚೀಲ ಹಿಡಿದು ಎಳೆದು ನಾನೇ ಅವನನ್ನು ನೆಟ್ಟಗೆ ನಿಲ್ಲಿಸಬೇಕಾಯಿತು.

ಆ ಊರಿನ ಜನ ಹಾಗೇ ಇದ್ದರು. ಗಂಡಸು, ಹೆಂಗಸು, ಮಕ್ಕಳು ಎಲ್ಲರ ಸೊಂಟದಲ್ಲೂ ಒಂದು ಕಲ್ಲುಚೀಲ. ಚೀಲ ಬಿಚ್ಚಿದರೆ ಆಸಾಮಿ ಆಕಾಶಕ್ಕೆ. ಸ್ನಾನದ ಮನೆಯಲ್ಲಿ ಗೋಡೆಗೆ ಕಬ್ಬಿಣದ ಬಳೆ ಹೊಡೆದಿರುತ್ತಿದ್ದರು, ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ನೀರು ಹುಯ್ದುಕೊಳ್ಳಬೇಕು. ಬಾಣಂತಿ ಕೋಣೆಯ ತೊಟ್ಟಿಲಿಗೆ ಮುಚ್ಚಳ ಇರುತ್ತಿತ್ತು. ಯಾರಾದರೂ ತೀರಿಕೊಂಡರೆ ಮನೆಯವರು ಅಂಗಳದಲ್ಲಿ ನಿಂತು ಚೀಲ ಬಿಚ್ಚಿ ಕೈ ಬಿಡುತ್ತಿದ್ದರು. ದೇಹ ಕಾಣುವ ತನಕ ನೋಡಿ, ಕಾಣದಾದ ಮೇಲೆ ಒಳಗೆ ಹೋಗಿ ಒಲೆ ಹಚ್ಚುತ್ತಿದ್ದರು. ಇನ್ನೊಬ್ಬರಿಗೆ ತನ್ನ ಚೀಲದಿಂದ ಒಂದು ಕಲ್ಲು ತೆಗೆದುಕೊಟ್ಟರೆ ನೀನು ನಮ್ಮವನು ಎಂದು ಅರ್ಥ. ಮದುವೆಯಲ್ಲಿ ತಾಳಿಗಿಂತ ಅದೇ ಮುಖ್ಯ. ಕಡಿಮೆ ಕಲ್ಲು ಬೇಕಾದವನು ದೊಡ್ಡ ಮನುಷ್ಯ, ಹೆಚ್ಚು ಬೇಕಾದವನು ಹಗುರ ಮನುಷ್ಯ. ಎಲ್ಲರಿಗಿಂತ ಮೇಲೆ ಮಹಾಘನ ದೊರೆಗಳು. ಅವರ ಮೈಗೆ ಕಲ್ಲು ತಾಗಿಯೇ ಇಲ್ಲವಂತೆ. ಬೀದಿಗೆ ಇಳಿದರೆ ಭೂಮಿ ಕುಸಿದೀತು ಎಂದು ಅರಮನೆ ಬಿಟ್ಟು ಬರುವುದಿಲ್ಲವಂತೆ.

ಕಾವಲುಗಾರ ನನ್ನನ್ನು ನೇರ ದಿವಾನ್ ಅಡಿವೆಪ್ಪನವರ ಮುಂದೆ ನಿಲ್ಲಿಸಿದ. ಊರನ್ನು ನಡೆಸುತ್ತಿದ್ದವರು ಈ ದಿವಾನರೇ. ದೊರೆಗಳ ಮಾತನ್ನು ಹೊರಗೆ ತರುವವರೂ ಅವರೇ. ಅರಮನೆಯ ಉಗ್ರಾಣಕ್ಕೆ ಕಲ್ಲಿಲ್ಲದೆ ನಿಲ್ಲುವ ಅಧಿಕಾರಿಯೇ ಬೇಕೆಂದು ಹಳೆಯ ಕಟ್ಟಳೆ. ಅಂಥವರು ಊರಿನಲ್ಲಿ ಸಿಗದೆ ಅವರು ಯಾವುದೋ ದೂರದ ಸಂಸ್ಥಾನಕ್ಕೆ ಬರೆದು ಕಾದಿದ್ದರು. "ನಮ್ಮ ಪತ್ರ ಮುಟ್ಟಿತೇನ್ರಿ?" ಎಂದು ಕೇಳಿದರು. "ಮುಟ್ಟಿತು" ಎಂದೆ. ಸುಳ್ಳು ಅಷ್ಟೇ, ಒಂದೇ ಮಾತು. ಉಳಿದದ್ದನ್ನೆಲ್ಲ ಅವರೇ ಕಟ್ಟಿಕೊಂಡರು. ಹೆಸರು ಕೇಳಿದಾಗ ಕಿಟಕಿಯಾಚೆ ಗುಡ್ಡ ಕಾಣಿಸಿತು. ಗಿರಿಧರರಾಯ ಎಂದುಬಿಟ್ಟೆ.

ಉಳಿದುಕೊಳ್ಳಲು ಅರಮನೆಯ ಹಿಂದಿನ ಓಣಿಯ ಫಕೀರವ್ವನ ಮನೆ ಗೊತ್ತಾಯಿತು. ಗಂಡ ತೀರಿಹೋದ ಮೇಲೆ ಮುಂದಿನ ಕೋಣೆ ಬಾಡಿಗೆಗೆ ಕೊಟ್ಟು, ಅಣ್ಣ ದ್ಯಾಮಣ್ಣನ ಮಂಡಕ್ಕಿ ಅಂಗಡಿಗೆ ಬೆಳಿಗ್ಗೆ ಎದ್ದು ಭಟ್ಟಿಯಲ್ಲಿ ಮಂಡಕ್ಕಿ ಹುರಿದುಕೊಡುತ್ತಿದ್ದ ಹೆಂಗಸು. ನನ್ನ ಕಾಲು ನೋಡಿ ಊರೆಲ್ಲ ಕೈಮುಗಿದರೆ ಇವಳು ಮಾತ್ರ, "ನಿಮ್ಮ ಕಾಲಿಗೆ ನೆಲ ಅಂಟೇತೋ, ನೆಲಕ್ಕ ನಿಮ್ಮ ಕಾಲು ಅಂಟೇತೋ, ನನಗೇನು? ಸಗಣಿ ಸಾರಿಸಿದ ನೆಲ ಐತಿ, ಕಾಲು ತೊಳಕೊಂಡು ಒಳಗ ಬರ್ರಿ" ಎಂದಳು. ಆಗಲೇ ನನಗೆ ಈ ಮನೆ ಬಿಡುವುದು ಕಷ್ಟ ಎನ್ನಿಸಿತು.

ದ್ಯಾಮಣ್ಣನ ಅಂಗಡಿಯಲ್ಲಿ ಸಂಜೆಯಾದರೆ ಜಾತ್ರೆ. ಮಂಡಕ್ಕಿಗೆ ಒಗ್ಗರಣೆ ಕೊಡುವ ಕೈ ಒಂದು ಕಡೆ, ಬಾಯಿ ಇನ್ನೊಂದು ಕಡೆ ಓಡುತ್ತಿತ್ತು. ದಿವಾನರ ಮೀಸೆ, ಗೌಡನ ಎಮ್ಮೆ, ತನ್ನದೇ ಬೋಳುತಲೆ ಯಾವುದನ್ನೂ ಬಿಟ್ಟವನಲ್ಲ. ನನ್ನನ್ನು ಕಂಡರೆ, "ಬರ್ರಿ ಭಾರಪ್ಪಾರ, ನೀವು ಕೂತರ ನನ್ನ ಬೆಂಚು ಒಂದ ಕಡೆ ನಿಲ್ತೈತಿ" ಎನ್ನುತ್ತಿದ್ದ. ಮಂಡಕ್ಕಿಗೆ ನನ್ನಿಂದ ಕಾಸು ತೆಗೆದುಕೊಳ್ಳುತ್ತಿರಲಿಲ್ಲ. ಮಿರ್ಚಿಗೆ ಮಾತ್ರ ತೆಗೆದುಕೊಳ್ಳುತ್ತಿದ್ದ. ಮಂಡಕ್ಕಿಯ ಭತ್ತ ಸರ್ಕಾರದ್ದಂತೆ, ಮೆಣಸಿನಕಾಯಿ ಸರ್ಕಾರದ್ದಲ್ಲವಂತೆ.

ಉಗ್ರಾಣದಲ್ಲಿ ನನ್ನ ಕೆಲಸ ಹೂವೆತ್ತಿದಷ್ಟು ಹಗುರ. ಅರಮನೆಯಿಂದ ಇಂತಿಂಥ ಸಾಮಾನು ಬೇಕೆಂದು ಚೀಟಿ ಬರುತ್ತಿತ್ತು. ದಿವಾನರು ಬೇಡವೆಂದದ್ದರ ಮೇಲೆ ಕೆಂಪು ಗೀಟು ಎಳೆದಿರುತ್ತಿತ್ತು. ಉಳಿದದ್ದಕ್ಕೆ ನಾನು ರುಜು ಹಾಕಿ, ಚೀಟಿಯನ್ನು ಗೋಡೆಯ ಕಂಬಿಗೆ ಚುಚ್ಚಬೇಕು. ಊರಿನವರಿಗೆ ಕಲ್ಲು ತೂಗಿ ಕೊಡುವುದೂ ನನ್ನದೇ ಕೆಲಸ. ಇನ್ನೊಂದು ಕೆಲಸವೂ ಇತ್ತು. ಅದನ್ನು ದಿವಾನರು ಹೋಗುವಾಗ ಬಾಗಿಲಲ್ಲಿ ನಿಂತು, ಕೊಡೆ ಮರೆತವರ ಹಾಗೆ ಹೇಳಿದರು: ದೊಡ್ಡ ಅಪರಾಧ ಮಾಡಿದವರಿಗೆ ಬಿಡುಗಡೆ ಕೊಡಬೇಕು. ಬಿಡುಗಡೆ ಎಂದರೆ ಕಟ್ಟೆಯ ಮೇಲೆ ನಿಲ್ಲಿಸಿ ಸೊಂಟದ ಗಂಟು ಬಿಚ್ಚುವುದು. "ಅಪರೂಪಕ್ಕೊಮ್ಮೆ ಬರ್ತೈತ್ರಿ" ಎಂದರು. ನಾನು ಅದನ್ನು ಅಲ್ಲಿಗೇ ಮರೆತೆ. ತಿನ್ನುವ ಅನ್ನ ರುಚಿಯಾಗಿದ್ದರೆ ಮನುಷ್ಯ ಬೇಕಾದಷ್ಟನ್ನು ಮರೆಯುತ್ತಾನೆ.

ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ಹಿಮ್ಮಡಿ ಎದ್ದಿತು. ಫಕೀರವ್ವ ಕಸ ಗುಡಿಸುತ್ತಿದ್ದವಳು, ಕಸಬರಿಗೆಯನ್ನು ನಾನು ನಿಂತಿದ್ದ ಜಾಗದಲ್ಲೂ ಸಲೀಸಾಗಿ ಎಳೆದುಕೊಂಡು ಹೋದಳು. ನಾನು ಕಾಲೆತ್ತಿರಲಿಲ್ಲ. ಇಬ್ಬರೂ ಕೆಳಗೆ ನೋಡಿದೆವು. ನಾನು ಓಡಿಹೋಗಿ ಬಾಗಿಲು ಹಾಕಿದೆ. ಅವಳು ಮಾತ್ರ ಕಸ ಬಾಚುತ್ತಾ, "ನಮ್ಮೂರ ಅನ್ನ ಉಂಡವರು ನಮ್ಮಂಗ ಆಗ್ತಾರ. ಎಷ್ಟು ದಿನದಾಗ ಅಂತ ನಾನೂ ನೋಡಾಕತ್ತಿದ್ನಿ" ಎಂದಳು. ಯಾರಿಗೂ ಹೇಳಬೇಡಿ ಎಂದೆ. "ಹೇಳಿದ್ರ ಬಾಡಿಗಿ ಯಾರು ಕೊಡ್ತಾರ?" ಎಂದಳು.

ಅಂದಿನಿಂದ ನನ್ನ ಬಾಳು ಗೋಳಾಯಿತು. ನಾನು ಕಲ್ಲುಚೀಲ ಕಟ್ಟುವಂತಿಲ್ಲ, ಕಟ್ಟಿದರೆ ಕೆಲಸ ಹೋಯಿತು. ಹಾಗಾಗಿ ಉಗ್ರಾಣದ ತಕ್ಕಡಿಯಿಂದ ಕಬ್ಬಿಣದ ತೂಕದ ಬೊಟ್ಟುಗಳನ್ನು ಒಂದೊಂದಾಗಿ ಕೋಟಿನ ಒಳಜೇಬಿಗೆ ಇಳಿಸಿದೆ. ಫಕೀರವ್ವ ಕೋಟಿಗೆ ಗಟ್ಟಿ ಖಾದಿಯ ಅಸ್ತರಿ ಹೊಲಿದುಕೊಟ್ಟಳು. ಬೊಟ್ಟು ಕಡಿಮೆಯಾದವು ಎಂದು ಯಾರೂ ಕೇಳದಂತೆ ಹೊಸದನ್ನು ತರಿಸಲು ನಾನೇ ಚೀಟಿ ಬರೆದೆ. ಕಾರಣ, 'ಸವೆತ' ಎಂದು ಬರೆದೆ. ಸುಳ್ಳು ಲೆಕ್ಕ ಬರೆಯುವುದರಲ್ಲಿ ಒಂದು ರುಚಿ ಇದೆ. ಬರೆದವನಿಗೆ ಮಾತ್ರ ಗೊತ್ತು, ಯಾವ ಸಾಮಾನು ಯಾವುದಕ್ಕೆ ಅಂತ.

ದ್ಯಾಮಣ್ಣ ಆ ಮಾತು ಆಡಿದ್ದು ದೊರೆಗಳ ಹುಟ್ಟುಹಬ್ಬದ ಹಿಂದಿನ ಸಂಜೆ. ದೊರೆಗಳಿಗೆ ಅಂಗಡಿಯಿಂದ ಏನು ಕಳಿಸುತ್ತೀ ಎಂದು ಯಾರೋ ಕೇಳಿದರು. ಅವನು ಬಾಣಲೆಯಿಂದ ತಲೆಯೆತ್ತದೆ, "ಕಳಸೋದೇನೋ ಕಳಸಬಹುದು. ದೊರಿಗೆ ಊಟಾ ಬಡಸಾಕ ಏಣಿ ಬೇಕಲ್ಲಪಾ!" ಎಂದ. ಅಷ್ಟು ಎತ್ತರದ ಮನುಷ್ಯ ಎಂಬ ಅರ್ಥದಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ. ನಿಜ ಹೇಳಬೇಕೆಂದರೆ ಅದು ಅವನ ಒಳ್ಳೆಯ ಹಾಸ್ಯಗಳಲ್ಲಿ ಒಂದೂ ಅಲ್ಲ. ಆದರೆ ಒಗ್ಗರಣೆ ಆರುವ ಮೊದಲೇ ದಿವಾನರ ಆಳುಗಳು ಬಂದು ಅವನ ಕೈಗೆ ಹಗ್ಗ ಹಾಕಿದರು. ಬೆಳಗಾಗುವಷ್ಟರಲ್ಲಿ ಡಂಗುರವೂ ಆಯಿತು: ರಾಜನಿಂದನೆಗಾಗಿ ಮಂಡಕ್ಕಿ ದ್ಯಾಮಣ್ಣನಿಗೆ ಬರುವ ಹುಣ್ಣಿಮೆಯ ಬೆಳಿಗ್ಗೆ ಬಿಡುಗಡೆ, ಕಲ್ಲು ಕೊಟ್ಟು ತಡೆದವರಿಗೂ ಅದೇ ಶಿಕ್ಷೆ.

ಫಕೀರವ್ವ ಅಳಲಿಲ್ಲ. ಭಟ್ಟಿಯ ಮುಂದೆ ಕೂತು ಅಂಗಡಿಯವನೇ ಇಲ್ಲದ ಅಂಗಡಿಗೆ ಮಂಡಕ್ಕಿ ಹುರಿಯುತ್ತಲೇ ಇದ್ದಳು. ಅದನ್ನು ನೋಡಲಾರದೆ ನಾನು ಉಗ್ರಾಣಕ್ಕೆ ಹೋಗಿ ಕೂತೆ. ಒಂದೇ ಪ್ರಶ್ನೆ ಕೊರೆಯುತ್ತಿತ್ತು. ತಮ್ಮ ಮೀಸೆಯನ್ನು ಪೊರಕೆ ಎಂದಾಗ ನಕ್ಕು ಸುಮ್ಮನಾಗಿದ್ದ ದಿವಾನರು ಒಂದು ಏಣಿಗೆ ಇಷ್ಟು ಉರಿದದ್ದೇಕೆ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವರು ಯಾರು? ಎದ್ದು ಕಂಬಿಯಿಂದ ಹಳೆಯ ಚೀಟಿಗಳನ್ನೆಲ್ಲ ಕಿತ್ತು ನೆಲದ ಮೇಲೆ ಹರಡಿದೆ. ಏಣಿ ಇತ್ತು. ಒಂದಲ್ಲ, ಹಲವು ಏಣಿ. ದೊರೆಗಳ ಊಟದ ಮನೆಗೆ ಎಂದೇ ಬರೆದಿತ್ತು.

ರುಜು ಹಾಕಿದವನು ನಾನೇ, ಆದರೆ ಓದಿದ್ದು ಅವತ್ತೇ ಮೊದಲು. ಹಾಸಿಗೆಗೆ ತುಂಬುವ ಹತ್ತಿ, ಅದರ ಜೊತೆಗೆ ಉದ್ದನೆಯ ಮೊಳೆ. ಹಾಸಿಗೆಗೆ ಮೊಳೆ ಯಾಕೆ? ಬಿದಿರಿನ ಗಳುವಿನಷ್ಟು ಉದ್ದದ ಹಿಡಿಯಿರುವ ಸೌಟು. ಊಟ ಬಡಿಸುವ ಆಳುಗಳಿಗೆ ಛತ್ರಿ, ಅದೂ ಮನೆಯೊಳಗೆ, ಅದೂ ಬೇಸಿಗೆಯಲ್ಲಿ. ಗಟ್ಟಿ ಹುರಿಯ ಹಗ್ಗ. ಎಷ್ಟು ಹುಡುಕಿದರೂ ಒಂದು ಜೊತೆ ಚಪ್ಪಲಿ ಇಲ್ಲ. ವೀಳ್ಯದೆಲೆ, ಸುಣ್ಣ, ಚೂರು ಅಡಿಕೆ ತಪ್ಪದೆ ಹೋಗಿದ್ದವು. ಅಡಕತ್ತರಿ ಎಂದು ಬರೆದಲ್ಲೆಲ್ಲ ದಿವಾನರ ಕೆಂಪು ಗೀಟು. ಒಂದು ಊರನ್ನು ಆಳುವವನಿಗೆ ಒಂದು ಅಡಕತ್ತರಿ ಕೊಡುವುದಿಲ್ಲವೇ? ನಾನು ನನ್ನ 'ಸವೆತ'ದ ಚೀಟಿಯನ್ನು ಎತ್ತಿಕೊಂಡು ಅವುಗಳ ಪಕ್ಕದಲ್ಲಿಟ್ಟೆ. ಒಂದೇ ಜಾತಿಯ ಚೀಟಿಗಳು. ಕಳ್ಳನ ಹೆಜ್ಜೆ ಕಳ್ಳನೇ ಬಲ್ಲ. ನನಗೆ ಅಲ್ಲೇ ನಗು ಬಂತು. ನಕ್ಕ ನಗುವಿಗೆ ಕೋಟಿನೊಳಗಿನ ಬೊಟ್ಟುಗಳು ಕಿಣಿಕಿಣಿ ಎಂದವು.

ಮಾರನೆಯ ಮಧ್ಯಾಹ್ನ ದಿವಾನರು ಊಟಕ್ಕೆ ಮನೆಗೆ ಹೋದದ್ದು ನೋಡಿಕೊಂಡು ಅರಮನೆಗೆ ಹೋದೆ. "ಮೊಳೆ ತುಕ್ಕು ಹಿಡಿದಿವೆಯಂತೆ, ಪರೀಕ್ಷೆ ಮಾಡಬೇಕು" ಎಂದೆ. ಬಾಗಿಲ ಆಳು ನನ್ನ ನೆಲಮುಟ್ಟಿದ ಕಾಲಿಗೆ ಕೈಮುಗಿದು ದಾರಿಬಿಟ್ಟ. ದೊರೆಗಳ ಕೋಣೆಯಲ್ಲಿ ಕುರ್ಚಿ ಖಾಲಿ, ನೆಲ ಖಾಲಿ. ನಾನು ತಲೆಯೆತ್ತುವ ಮೊದಲೇ ಹೆಗಲಿನ ಮೇಲೆ ಚಿಟಕ್ಕನೆ ಏನೋ ಬಿತ್ತು. ಎಲೆಯಡಿಕೆಯ ಉಗುಳು.

"ಛತ್ರಿ ಇಲ್ದ ಬಂದೀಯಲ್ಲೋ, ಹುಚ್ಚ!" ಎಂದಿತು ಮೇಲಿನ ಧ್ವನಿ.

ಚಾವಣಿಗೆ ಮೊಳೆ ಹೊಡೆದ ಹಾಸಿಗೆಗೆ ಬೆನ್ನು ಒತ್ತಿಕೊಂಡು, ಮುಖ ನನ್ನ ಕಡೆಗೆ ಮಾಡಿ, ದುಂಡುಮುಖದ ಮುದುಕರೊಬ್ಬರು ತೇಲುತ್ತಿದ್ದರು. ಕಾಲಿಗೆ ಹಗ್ಗ, ಹಗ್ಗದ ತುದಿ ಗೋಡೆಯ ಬಳೆಗೆ. ಮಹಾಘನ ದೊರೆಗಳು. ನಾನು ಕೈಮುಗಿದೆ. ಮೇಲೆ ನೋಡಿ ಕೈಮುಗಿದದ್ದರಿಂದ ದೇವರಿಗೆ ಮುಗಿದ ಹಾಗಾಯಿತು. "ಮೈಗೆ ಕಲ್ಲು ತಾಗಬಾರದು ಅಂತ ನಮ್ಮ ಮುತ್ತಜ್ಜ ಸೊಕ್ಕಿಗೆ ಒಂದು ಕಟ್ಟಳಿ ಬರದಿಟ್ಟ. ಅವತ್ತಿಂದ ನಮ್ಮ ವಂಶ ಮ್ಯಾಲ ಐತಿ ನೋಡು" ಎಂದರು. "ಈ ಹಾಸಿಗಿ ನಮ್ಮಪ್ಪಂದು. ಅವನ ಬೆನ್ನಿನ ತಗ್ಗು ಇನ್ನೂ ಐತಿ. ನೀ ಯಾರು?"

ನಾನು ದ್ಯಾಮಣ್ಣನ ವಿಷಯ ಹೇಳಿದೆ. ಏಣಿಯ ಮಾತು ಹೇಳಿದಾಗ ದೊರೆಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಹಾಸಿಗೆಯ ಧೂಳು ನನ್ನ ತಲೆಮೇಲೆ ಉದುರಿತು. "ಛಲೋ ಅಂದಾನ! ಅವಗ ಬಿಡುಗಡಿ ಯಾರು ಹಾಕಿದ್ರು?" ತಾವೇ ಎಂದೆ. ನಗು ನಿಂತಿತು. "ನಾನಾ? ನನಗ ಯಾರೂ ಏನೂ ಕೇಳೂದಿಲ್ಲಪಾ. ಬಿಡುಗಡಿ ದಿವಸ ಕಾಲಿಗೆ ಹಗ್ಗಾ ಬಿಗದು ಉಪ್ಪರಿಗಿಗೆ ಎಳಕೊಂಡು ಹೋಗ್ತಾರ. ಕಟಾಂಜನದ ಹಿಂದ ಇಬ್ಬರು ಕುಕ್ಕರಗಾಲಾಗ ಕೂತು ಹಗ್ಗಾ ಹಿಡಕೊಂತಾರ. ನಾ ಕೈ ಬೀಸಬೇಕು, ಅಷ್ಟ." ಕಳ್ಳ ಹುಡುಗನ ಹಾಗೆ ಬಾಗಿಲ ಕಡೆ ನೋಡಿ ಪಿಸುಗುಟ್ಟಿದರು: "ಒಂದು ಅಡಕತ್ತರಿ ಕೊಡಸ್ತೀಯೇನು? ಹೊಸದಾಗಿ ಕತ್ತರಿಸಿದ ಅಡಿಕಿ ತಿಂದು ಭಾಳ ವರ್ಷ ಆತು."

ಹೊರಗೆ ಮೆಟ್ಟಿಲ ಮೇಲೆ ದಿವಾನರು ನಿಂತಿದ್ದರು. ಸಿಟ್ಟಿರಲಿಲ್ಲ, ಅದೇ ಹೆದರಿಕೆಯ ವಿಷಯ. ನನ್ನ ಹೆಗಲಿನ ಕೆಂಪು ಕಲೆ ನೋಡಿದರು. "ನಿಮ್ಮ ಕೋಟು ಭಾಳ ಸಪ್ಪಳ ಮಾಡ್ತೈತ್ರಿ, ರಾಯರ. ತಕ್ಕಡಿ ಬೊಟ್ಟು ಸವೀತಾವ ಅಂತ ಓದಿದಾಗ ನನಗೂ ನಗು ಬಂತು" ಎಂದರು. "ನೀವು ನೋಡಿದ್ದು ನೀವು ನೋಡಿಲ್ಲ, ನಾ ಕೇಳಿದ್ದು ನಾ ಕೇಳಿಲ್ಲ. ಹುಣ್ಣಿವಿ ದಿನ ಗಂಟು ಬಿಚ್ರಿ, ಜೀವನಪೂರ್ತಿ ಆರಾಮ ಇರ್ರಿ." ನಾನು ಆಗಲಿ ಎಂದೆ. ನಾಚಿಕೆಯಾಯಿತೇ ಎಂದು ಕೇಳಿದರೆ, ಆಗ ಆಗಲಿಲ್ಲ. ಆಗ ಬರೀ ಭಯ.

ಹುಣ್ಣಿಮೆಯ ಬೆಳಿಗ್ಗೆ ಫಕೀರವ್ವ ಒಗ್ಗರಣೆ ಮಂಡಕ್ಕಿ ಕಟ್ಟಿಟ್ಟಿದ್ದಳು, ಅಣ್ಣನಿಗೆ. ನಾನು ಕೋಟು ಹಾಕಿಕೊಳ್ಳುವಾಗ ಬಾಗಿಲಲ್ಲಿ ಬಂದು ನಿಂತಳು. ಅಣ್ಣನನ್ನು ಉಳಿಸಿ ಎನ್ನುತ್ತಾಳೆ, ಕಾಲಿಗೆ ಬೀಳುತ್ತಾಳೆ ಎಂದುಕೊಂಡು ಉತ್ತರ ಸಿದ್ಧ ಮಾಡಿಕೊಂಡಿದ್ದೆ. ಸುಳ್ಳುಗಾರರ ಹತ್ತಿರ ಎಲ್ಲದಕ್ಕೂ ಉತ್ತರ ಇರುತ್ತದೆ. ಅವಳು ಅದ್ಯಾವುದನ್ನೂ ಕೇಳಲಿಲ್ಲ. "ಅಣ್ಣನ ಸೊಂಟದಾಗ ಚೀಲಾ ತಿಕ್ಕಿ ತಿಕ್ಕಿ ಹುಣ್ಣಾಗೇತ್ರಿ, ಎಡಗಡೆ. ಗಂಟು ಜಗ್ಗಬ್ಯಾಡ್ರಿ, ನಿಧಾನಕ್ಕ ಬಿಚ್ರಿ" ಎಂದಳು. ಅಷ್ಟೇ. ದಾರಿಯಲ್ಲಿ ಉಗ್ರಾಣಕ್ಕೆ ಹೋಗಿ ಒಂದು ಅಡಕತ್ತರಿ ತೆಗೆದುಕೊಂಡು, ವೀಳ್ಯದ ತಟ್ಟೆಯ ಎಲೆಗಳ ಅಡಿಯಲ್ಲಿಟ್ಟು, ದೊರೆಗಳ ಉಪ್ಪರಿಗೆಗೆ ಕಳಿಸಿದೆ. ಚೀಟಿ ಬರೆಯಲಿಲ್ಲ.

ಅರಮನೆಯ ಮುಂದೆ ಊರಿಗೆ ಊರೇ ನೆರೆದಿತ್ತು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಉಪ್ಪರಿಗೆಯ ಕಟಾಂಜನದ ಹಿಂದೆ ದೊರೆಗಳು ಸೊಂಟದವರೆಗೆ ಕಾಣುತ್ತಿದ್ದರು, ಪಕ್ಕದಲ್ಲಿ ದಿವಾನರು. ಕೆಳಗೆ ಕಟ್ಟೆಯ ಮೇಲೆ ದ್ಯಾಮಣ್ಣ. ತುಟಿ ಒಣಗಿತ್ತು, ಆದರೂ ನನ್ನನ್ನು ನೋಡಿ, "ಬರ್ರಿ ಭಾರಪ್ಪಾರ. ಮಿರ್ಚಿ ಕಾಸು ಬಾಕಿ ಐತಿ, ಮ್ಯಾಲೆ ಹೋಗೂಕಿಂತ ಮೊದಲು ಕೊಟ್ಟುಬಿಡ್ರಿ" ಎಂದ. ಅವನ ಎಡಗಡೆಯ ಹುಣ್ಣು ಕಾಣಿಸಿತು. ನಾನು ಜಗ್ಗದೆ, ನಿಧಾನಕ್ಕೆ ಗಂಟು ಬಿಚ್ಚಿದೆ. ಕಲ್ಲುಚೀಲ ಕೆಳಗೆ ಬಿತ್ತು. ಅವನ ಕಾಲು ಕಟ್ಟೆ ಬಿಟ್ಟಿತು.

ಬಲಗೈಯಲ್ಲಿ ಅವನ ತೋಳು ಹಿಡಿದುಕೊಂಡೆ. ಕೈ ಬದಲಿಸುತ್ತಾ ಕೋಟು ಬಿಚ್ಚಿ ಅವನಿಗೆ ತೊಡಿಸಿದೆ. ಒಂದು ತೋಳು ಹಾಕುವಷ್ಟರಲ್ಲಿ ಅವನು ಇಳಿದ, ಇನ್ನೊಂದು ಹಾಕುವಷ್ಟರಲ್ಲಿ ನಾನು ಏರಿದೆ. "ಕಲ್ಲು ಕೊಡಬಾರದು!" ಎಂದು ದಿವಾನರು ಮೇಲಿಂದ ಕಿರುಚಿದರು. "ಡಂಗುರದಲ್ಲಿ ಕಲ್ಲು ಅಂತ ಇದೆ ಸ್ವಾಮಿ, ಇದು ಕಬ್ಬಿಣ!" ಎಂದು ನಾನೂ ಕಿರುಚಿದೆ. ಅಷ್ಟು ಹೊತ್ತಿಗೆ ನಾನು ಅವರ ಮುಖದ ನೇರಕ್ಕೇ ಬಂದಿದ್ದೆ. ನೆಲಕ್ಕಂಟಿದ ಕಾಲಿನ ಮಹಾನುಭಾವ ಗಾಳಿಯಲ್ಲಿ ಕೈಕಾಲು ಬಡಿಯುವುದನ್ನು ಊರು ಬಾಯಿ ತೆರೆದು ನೋಡಿತು. ಆಮೇಲೆ ಎಲ್ಲಿಂದಲೋ ಒಂದು ನಗು ಬಂತು. ಮೊದಲು ನಕ್ಕವರು ದೊರೆಗಳು.

ಫಕೀರವ್ವ ಜನರನ್ನು ತಳ್ಳಿಕೊಂಡು ಓಡಿಬಂದು ಹಾರಿ ನನ್ನ ಪಂಚೆಯ ಚುಂಗು ಹಿಡಿದಳು. ಪಂಚೆ ಸುರುಳಿ ಬಿಚ್ಚತೊಡಗಿತು. ಮಾನ ಮುಖ್ಯವೋ ಪ್ರಾಣ ಮುಖ್ಯವೋ ಎಂದು ನಾನು ಯೋಚಿಸುತ್ತಿರುವಾಗ ಸೊಂಟದ ಉಡಿದಾರ ಪಂಚೆಯನ್ನು ಕಚ್ಚಿ ಹಿಡಿಯಿತು. ಆ ಉಡಿದಾರ ಕಟ್ಟಿದ ನಮ್ಮಮ್ಮನಿಗೆ ಅಲ್ಲಿಂದಲೇ ಕೈಮುಗಿದೆ. ಹಾಗೆ ಜೋತಾಡುತ್ತಿರುವಾಗ ಉಪ್ಪರಿಗೆಯ ಕಟಾಂಜನದ ಹಿಂದೆ ನಡೆದದ್ದನ್ನು ಊರಿನಲ್ಲಿ ನೋಡಿದವನು ನಾನೊಬ್ಬನೇ. ಹಗ್ಗ ಹಿಡಿದ ಆಳುಗಳಿಬ್ಬರೂ ನನ್ನನ್ನು ನೋಡುತ್ತಾ ನಿಂತಿದ್ದರು. ದೊರೆಗಳು ವೀಳ್ಯದ ತಟ್ಟೆಗೆ ಕೈಹಾಕಿ, ಬಗ್ಗಿ, ಅಡಿಕೆ ಕತ್ತರಿಸುವಷ್ಟೇ ನಿಧಾನವಾಗಿ ಹಗ್ಗ ಕತ್ತರಿಸಿದರು.

ಮಹಾಘನ ದೊರೆಗಳು ಬರಿಗಾಲಲ್ಲಿ ಕಟಾಂಜನ ಒದ್ದು ದಾಟಿ ಮೇಲೆ ಬಂದರು. ನಗು ಗಪ್ಪನೆ ನಿಂತಿತು. ಭಾರಕ್ಕೆ ಭೂಮಿ ಕುಸಿಯುತ್ತದೆ ಎಂದು ಅಜ್ಜನ ಕಾಲದಿಂದ ನಂಬಿದ್ದ ಜನ. ಅವರ ತಲೆಮೇಲೆ ದೊರೆ ಹತ್ತಿಯ ಅರಳೆಯ ಹಾಗೆ ಸಾಗಿಹೋಗುತ್ತಿದ್ದರು, ಕಾಲಿಗೆ ಬಿಗಿದು ಸುತ್ತಿದ್ದ ಹಗ್ಗ ಬಿಚ್ಚಿಕೊಂಡು ಉದ್ದಕ್ಕೆ ಜೋತುಬಿದ್ದಿತ್ತು. "ಹಿಡೀರಿ! ಹಿಡೀರಿ!" ಎಂದು ದಿವಾನರು ಕೂಗಿದರು. ಯಾರನ್ನು ಎಂದು ಯಾರಿಗೂ ತಿಳಿಯಲಿಲ್ಲ. ಹಗ್ಗ ಕಟ್ಟೆಯ ಮೇಲೆ ಹಾದುಹೋಗುವಾಗ ಊರಿನಲ್ಲೇ ಎಲ್ಲರಿಗಿಂತ ಭಾರವಾಗಿ ನಿಂತಿದ್ದ ದ್ಯಾಮಣ್ಣ ಕೈ ಚಾಚಿ ಅದರ ತುದಿ ಹಿಡಿದ.

ಒಂದು ಬೆರಳು ಸಡಿಲಿಸಿದರೆ ಮುಗಿಯಿತು. ದ್ಯಾಮಣ್ಣ ಉಪ್ಪರಿಗೆಯ ಕಡೆ ಒಮ್ಮೆ ನೋಡಿದ, ಕಾಲ ಬಳಿ ಬಿದ್ದಿದ್ದ ತನ್ನ ಚೀಲದ ಕಡೆ ಒಮ್ಮೆ ನೋಡಿದ. ಆಮೇಲೆ ತಲೆಯೆತ್ತಿ, ಗಿರಾಕಿಗೆ ಖಾರ ಎಷ್ಟು ಹಾಕಲಿ ಎಂದು ಕೇಳುವ ಧ್ವನಿಯಲ್ಲಿ ಕೇಳಿದ: "ದೊರಿ, ಹಿಡೀಲೇನ್ರಿ, ಬಿಡ್ಲೇನ್ರಿ?"

ದೊರೆಗಳು ಸುತ್ತ ನೋಡಿದರು. ಹುಟ್ಟಿದಾಗಿನಿಂದ ಚಾವಣಿಯ ಕೆಳಗೇ ಇದ್ದ ಕಣ್ಣುಗಳು. ಕೆರೆ ನೋಡಿದವು, ಹಂಚಿನ ಮಾಡುಗಳನ್ನು ನೋಡಿದವು, ಮಾಳಿಗೆಯ ಮೇಲೆ ಒಣಹಾಕಿದ ಮೆಣಸಿನಕಾಯಿ ನೋಡಿದವು. "ಹಿಡಕೊಂಡಿರೋ ತಮ್ಮಾ, ಗಟ್ಟಿ ಹಿಡಕೊಂಡಿರು. ಕೆಳಗ ಮಾತ್ರ ಈಗ ಎಳೀಬ್ಯಾಡ. ಇಲ್ಲಿಂದ ಊರು ಭಾಳ ಛಂದ ಕಾಣ್ತೈತಿ" ಎಂದರು. ಜನ ಒಬ್ಬೊಬ್ಬರಾಗಿ ಬಂದು ದ್ಯಾಮಣ್ಣನ ಹಿಂದೆ ಹಗ್ಗಕ್ಕೆ ಕೈಹಚ್ಚಿದರು. ದಿವಾನರು ಒಳಗೆ ಹೋಗಿ ಬಾಗಿಲು ಹಾಕಿಕೊಂಡವರು ಸಂಜೆಯ ಹೊತ್ತಿಗೆ ಹಿತ್ತಲ ದಾರಿಯಿಂದ ಊರು ಬಿಟ್ಟಿದ್ದರು. ಹಿಂದಿನ ರಾತ್ರಿಯೇ ಚೀಲ ತುಂಬಿಟ್ಟಿದ್ದರಂತೆ. ದೊಡ್ಡವರ ಲೆಕ್ಕವೇ ಬೇರೆ.

ಈಗ ದೊರೆಗಳ ಹಗ್ಗ ಮಂಡಕ್ಕಿ ಅಂಗಡಿಯ ಮುಂದಿನ ಬೇವಿನ ಮರಕ್ಕೆ ಕಟ್ಟಿದೆ. ಸೊಂಟಕ್ಕೆ ಕಲ್ಲು ಕಟ್ಟಿಕೊಂಡು ಕೆಳಗೆ ಬರ್ರಿ ಎಂದರೆ, ಮಳೆ ಬಂದ ದಿನ ಮಾತ್ರ ಬರುತ್ತಾರೆ. ಉಳಿದ ದಿನ ಮೇಲೆಯೇ ಇದ್ದು ಯಾರ ಎಮ್ಮೆ ಯಾರ ಹೊಲಕ್ಕೆ ನುಗ್ಗಿದೆ, ಯಾವ ಕಡೆಯಿಂದ ಮೋಡ ಬರುತ್ತಿದೆ ಎಂದು ಕೂಗಿ ಹೇಳುತ್ತಾರೆ. ಊರಿಗೆ ಅವರಿಂದ ಇಷ್ಟು ಉಪಯೋಗ ಹಿಂದೆಂದೂ ಆಗಿರಲಿಲ್ಲ. ಸಂಜೆಯಾದರೆ ದ್ಯಾಮಣ್ಣ ಮರಕ್ಕೆ ಏಣಿ ಒರಗಿಸಿ, ಮಂಡಕ್ಕಿಯ ತಟ್ಟೆ ಹಿಡಿದು ಹತ್ತುತ್ತಾ, ಪ್ರತಿ ಸಲವೂ ಕೆಳಗಿದ್ದವರಿಗೆ ಕೇಳಿಸುವಂತೆ, "ನಾ ಅವತ್ತ ಹೇಳಿದ್ನೋ ಇಲ್ಲೋ?" ಎನ್ನುತ್ತಾನೆ.

ಅದೆಲ್ಲ ಆಮೇಲಿನ ಮಾತು. ಆ ಬೆಳಿಗ್ಗೆ ಫಕೀರವ್ವ ನನ್ನನ್ನು ಪಂಚೆ ಸಮೇತ ಕೆಳಕ್ಕೆ ಎಳೆದು, ಭುಜ ಒತ್ತಿ ಹಿಡಿದು ನಿಲ್ಲಿಸಿದಳು. ಕೋಟು ದ್ಯಾಮಣ್ಣನ ಮೈಮೇಲಿತ್ತು, ನನ್ನಲ್ಲಿ ಒಂದು ಹರಳೂ ಇರಲಿಲ್ಲ. "ನಿಮ್ಮ ಖರೇ ಹೆಸರೇನ್ರಿ?" ಎಂದು ಕೇಳಿದಳು. "ಪುಟ್ಟಮಾದ" ಎಂದೆ. ಎಷ್ಟೋ ವರ್ಷದಿಂದ ಆ ಹೆಸರನ್ನು ಯಾರಿಗೂ ಹೇಳಿರಲಿಲ್ಲ, ಹೇಳುವಾಗ ನಾಲಗೆ ತೊಡರಿತು. ಅವಳು ತನ್ನ ಚೀಲದ ಬಾಯಿ ಬಿಚ್ಚಿ ಒಂದು ಕಲ್ಲು ತೆಗೆದಳು. ಮೈಶಾಖಕ್ಕೆ ಬೆಚ್ಚಗಿದ್ದ ಕಲ್ಲು. ಊರೆಲ್ಲ ನೋಡುತ್ತಿರುವಾಗಲೇ ಅದನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು.

ಇಬ್ಬರಿಗೆ ಹಂಚಿದ ಮೇಲೆ ಭಾರ ಇಬ್ಬರಿಗೂ ಸಾಲಲಿಲ್ಲ. ನನ್ನ ಹಿಮ್ಮಡಿಯೂ ಎದ್ದಿತ್ತು, ಅವಳದೂ ಎದ್ದಿತ್ತು. ಮನೆಯವರೆಗೂ ಕೈ ಕೈ ಹಿಡಿದುಕೊಂಡೇ ಹೋದೆವು. ಗಾಳಿಗೆ ಹೆದರಿ ಹಿಡಿದುಕೊಂಡೆ ಎಂದು ಅವಳು ಇವತ್ತಿಗೂ ಹೇಳುತ್ತಾಳೆ. ಆ ದಿನ ಗಾಳಿಯೇ ಇರಲಿಲ್ಲ.